ಗೋಕರ್ಣದಿಂದ ಕುಮಟಾಕ್ಕೆ, ಭರತಿ ನೋಡಿಕೊಂಡು

ಗೋಕರ್ಣದಿಂದ ಕುಮಟಾಕ್ಕೆ ಕಡಲಂಚು ಹಿಡಿದು ನಡೆಯುವವರು ಹೊರಡುವ ದಿನವನ್ನು ಪಂಚಾಂಗ ನೋಡಿ ಗೊತ್ತುಮಾಡಿಕೊಳ್ಳಬೇಕು. ನೋಡಬೇಕಾದ್ದು ಮುಹೂರ್ತ ಅಲ್ಲ, ತಿಥಿ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಈ ಕರಾವಳಿಯಲ್ಲಿ ನಡುಹಗಲಿನ ಸುಮಾರಿಗೆ ಭರತಿ ತುಂಬುತ್ತದೆ, ಅದೂ ತಿಂಗಳಲ್ಲೇ ಎತ್ತರದ ಭರತಿ. ಅಂದರೆ ನೀವು ಉದ್ದದ ಮರಳುದಂಡೆಗೆ ಕಾಲಿಡುವ ಹೊತ್ತಿಗೆ ಗಟ್ಟಿ ಮರಳೆಲ್ಲ ನೀರಡಿ ಹೋಗಿ, ಮೇಲಿನ ಸಡಿಲ ಹೊಯ್ಗೆಯಲ್ಲಿ ಕಾಲು ಹೂತುಕೊಂಡು ನಡೆಯಬೇಕಾಗುತ್ತದೆ. ಅಷ್ಟಮಿಯಿಂದ ಏಕಾದಶಿವರೆಗಿನ ದಿನಗಳಲ್ಲಿ ಇಳಿತ ನಡುಹಗಲಿಗೆ ಬೀಳುತ್ತದೆ. ಅದೇ ಈ ದಾರಿಗೆ ಒಳ್ಳೆಯ ಕಾಲ. ಭರತಿ ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಭರತಿಗೂ ಇಳಿತಕ್ಕೂ ನಡುವೆ ಆರು ಗಂಟೆಗಿಂತ ಸ್ವಲ್ಪ ಹೆಚ್ಚು. ಇಷ್ಟು ನೆನಪಿದ್ದರೆ ತಿಥಿ ನೋಡಿಯೇ ಅಂದಾಜು ಸಿಗುತ್ತದೆ. ಹೊರಡುವ ಮುನ್ನಾದಿನ ಕಾರವಾರ ಬಂದರಿನ ಉಬ್ಬರವಿಳಿತದ ಪಟ್ಟಿ ನೋಡಿ ಆ ಅಂದಾಜನ್ನು ಖಚಿತ ಮಾಡಿಕೊಳ್ಳಿ.

ಇನ್ನು ತಿಂಗಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ದಾರಿಯ ಮಾತೇ ಬೇಡ. ಮಳೆ ನಿಂತ ಕೂಡಲೇ ಅಕ್ಟೋಬರ್‌ನಲ್ಲಿ ಹೊರಡುವುದೂ ಅವಸರವೇ. ಮಳೆಗಾಲದ ಅಲೆಗಳು ದಂಡೆಯ ಮರಳನ್ನು ಕೆರೆದು ಒಳಗೆ ಒಯ್ದಿರುತ್ತವೆ. ದಂಡೆ ಕಿರಿದಾಗಿ, ನೀರಿನ ಕಡೆಗೆ ಕಡಿದಾಗಿ ಇಳಿದಿರುತ್ತದೆ. ಸಮುದ್ರ ಶಾಂತವಾದ ಮೇಲೆ ಸಣ್ಣ ಅಲೆಗಳು ಅದೇ ಮರಳನ್ನು ಸ್ವಲ್ಪಸ್ವಲ್ಪವೇ ವಾಪಸ್ ತಂದು ಹಾಸುತ್ತವೆ. ಡಿಸೆಂಬರ್, ಜನವರಿ ಹೊತ್ತಿಗೆ ದಂಡೆ ಅಗಲವಾಗಿ ಚಪ್ಪಟೆಯಾಗುತ್ತದೆ. ಫೆಬ್ರುವರಿ ಕಳೆದರೆ ಬಿಸಿಲು ತಡೆಯುವುದಿಲ್ಲ.

ಹೆಚ್ಚಿನವರು ಕುಮಟಾದಿಂದ ಹೊರಟು ಗೋಕರ್ಣದಲ್ಲಿ ಮುಗಿಸುತ್ತಾರೆ. ಬಿಸಿಲು ಬೆನ್ನಿಗಿರುತ್ತದೆ, ಕೊನೆಗೆ ಓಂ ತೀರದ ಸೂರ್ಯಾಸ್ತ ಸಿಗುತ್ತದೆ. ಎರಡು ದಿನ ಇಟ್ಟುಕೊಂಡವರಿಗೆ ಅದು ಸರಿ. ಒಂದೇ ದಿನದಲ್ಲಿ ಮುಗಿಸುವವರು ಗೋಕರ್ಣದಿಂದಲೇ ಹೊರಡಬೇಕು ಎನ್ನುವುದು ನಮ್ಮ ಗಟ್ಟಿ ಅಭಿಪ್ರಾಯ. ಬಂಡೆ ಹತ್ತಿಳಿಯುವ ಭಾಗವೆಲ್ಲ ಗೋಕರ್ಣದ ಕಡೆಗಿದೆ, ಉದ್ದನೆಯ ಮರಳು ಕುಮಟಾದ ಕಡೆಗಿದೆ. ಜನವರಿಯಲ್ಲಿ ಸೂರ್ಯ ಆರೂಕಾಲರ ಸುಮಾರಿಗೆ ಮುಳುಗುತ್ತಾನೆ. ದಿನವಿಡೀ ನಡೆದು ಸೋತ ಕಾಲಲ್ಲಿ, ಮಬ್ಬುಗತ್ತಲಲ್ಲಿ ಗೋಕರ್ಣದ ಕಡೆಯ ಪ್ಯಾರಡೈಸ್ ತೀರದ ಬಂಡೆಗಳ ಮೇಲೆ ಇರುವುದು ಯಾರಿಗೂ ಬೇಡ. ಕುಮಟಾದ ಕಡೆ ತಡವಾದರೂ ಹತ್ತಿರದಲ್ಲೇ ಊರಿದೆ, ರಸ್ತೆ ಇದೆ, ರಿಕ್ಷಾ ಸಿಗುತ್ತದೆ. ಮಧ್ಯಾಹ್ನದ ಮೇಲೆ ಬಿಸಿಲು ಮುಖಕ್ಕೆ ಹೊಡೆಯುತ್ತದೆ, ನಿಜ. ಅದಕ್ಕೆ ಅಗಲ ಅಂಚಿನ ಟೋಪಿ ಸಾಕು. ಕೊಡೆ ಬೇಡ, ಕಡಲಗಾಳಿಗೆ ನಿಲ್ಲುವುದಿಲ್ಲ.

ಒಟ್ಟು ದಾರಿ 25ರಿಂದ 30 ಕಿ.ಮೀ. ಯಾವ ಗುಡ್ಡವನ್ನು ಸುತ್ತಿದಿರಿ, ಯಾವುದನ್ನು ಹತ್ತಿದಿರಿ ಎನ್ನುವುದರ ಮೇಲೆ ಹೆಚ್ಚು ಕಡಿಮೆ. ತಲೆಗೆ 3 ಲೀಟರ್ ನೀರು ಬೆನ್ನಿಗಿರಲಿ. ಗಾಳಿ ಬೆವರನ್ನು ಕೂಡಲೇ ಆರಿಸುವುದರಿಂದ ಎಷ್ಟು ನೀರು ಹೋಯಿತೆಂದು ಮೈಗೆ ತಿಳಿಯುವುದೇ ಇಲ್ಲ. ಬಾಯಾರಲಿ ಎಂದು ಕಾಯದೆ ಅರ್ಧ ಗಂಟೆಗೊಮ್ಮೆ ನಾಲ್ಕು ಗುಟುಕು ಕುಡಿಯಿರಿ. ಓಆರ್‌ಎಸ್ ಪೊಟ್ಟಣ ಎರಡಿರಲಿ. ಅದಿಲ್ಲದಿದ್ದರೆ 1 ಲೀಟರ್ ನೀರಿಗೆ ಸಮಮಟ್ಟದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಒಣ ಕಾಲುಚೀಲ ಒಂದು ಜೊತೆ ಹೆಚ್ಚಿಗೆ, ಅಂಟುವ ಬಟ್ಟೆಪಟ್ಟಿಯ ಸುರುಳಿ, ಸಣ್ಣ ಕತ್ತರಿ, ಟಾರ್ಚ್. ಮೊಬೈಲಿಗೊಂದು ಬಿಗಿಯಾಗಿ ಮುಚ್ಚುವ ಪ್ಲಾಸ್ಟಿಕ್ ಚೀಲ, ದೋಣಿಯಲ್ಲಿ ಬೇಕಾಗುತ್ತದೆ.

ಬೆಳಗಿನ ಆರೂವರೆಗೆ ಗೋಕರ್ಣ ಬಿಡಬೇಕು. ಊರಿನ ದಂಡೆಯ ದಕ್ಷಿಣ ತುದಿಯಲ್ಲಿ ರಾಮತೀರ್ಥದ ಕಡೆಯಿಂದ ಗುಡ್ಡ ಹತ್ತಿದರೆ ಮೇಲೆ ಜಂಬಿಟ್ಟಿಗೆಯ ಬಯಲು, ಅದನ್ನು ದಾಟಿ ಇಳಿದರೆ ಕುಡ್ಲೆ ತೀರ. ಇಲ್ಲಿನ ಗುಡ್ಡಗಳೆಲ್ಲ ಒಂದೇ ಜಾತಿಯವು: ಮೇಲೆ ಗಟ್ಟಿ ಕೆಂಪು ಚಿಪ್ಪು, ಕೆಳಗೆ ಮೆತ್ತನೆಯ ಜೇಡಿ. ಕಡಲಿನ ಕಡೆಗೆ ಆ ಜೇಡಿ ಕೊರೆದುಹೋಗಿ ಮೇಲಿನ ಚಿಪ್ಪು ಹೊರಕ್ಕೆ ಚಾಚಿ ನಿಂತಿರಬಹುದು. ಆದ್ದರಿಂದ ಅಂಚಿಗೆ ಹೋಗಿ ಬಗ್ಗಿ ನೋಡುವ ಆಸೆ ಬಿಡಿ, ಎರಡಾಳು ದೂರದಲ್ಲೇ ನಿಲ್ಲಿ. ಇಳಿಯುವಾಗ ಇನ್ನೊಂದು ಕಾಟ. ಜಂಬಿಟ್ಟಿಗೆಯ ಗುಂಡುಗುಂಡು ಹರಳು ಕಾಲಡಿ ಉರುಳುತ್ತದೆ. ಹಿಮ್ಮಡಿ ಊರಿದರೆ ಜಾರಿ ಕೂರುವುದೇ. ಮಂಡಿ ಸ್ವಲ್ಪ ಮಡಚಿ, ಇಡೀ ಪಾದ ಒಟ್ಟಿಗೆ ಊರಿ, ಹೆಜ್ಜೆ ಚಿಕ್ಕದಾಗಿ ಇಡಿ.

ಕುಡ್ಲೆ, ಓಂ ಎರಡರಲ್ಲೂ ಹೊತ್ತು ಕಳೆಯಬೇಡಿ. ನೋಡಲು ಬರುವವರು ಬೇರೆ ದಿನ ಬರಬಹುದು. ಓಂ ತೀರದ ದಕ್ಷಿಣ ತುದಿಯಲ್ಲಿ ಹತ್ತುವ ಕಾಲುದಾರಿಯಿಂದ ನಡಿಗೆ ನಿಜವಾಗಿ ಶುರುವಾಗುತ್ತದೆ. ಅಲ್ಲಿಂದ ಹಾಫ್ ಮೂನ್, ಅದರಾಚೆ ಪ್ಯಾರಡೈಸ್. ಈ ಎರಡು ಪುಟ್ಟ ತೀರಗಳ ನಡುವೆ ಬಂಡೆಯ ಹಾದಿ. ಇಲ್ಲಿ ಜನ ಬೀಳುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಒಣಗಿದ ಬಂಡೆಯನ್ನು ನಂಬಿ ನಡೆದ ವೇಗದಲ್ಲೇ ಒದ್ದೆ ಬಂಡೆಗೆ ಕಾಲಿಡುತ್ತಾರೆ. ಬಂಡೆಯ ಬಣ್ಣ ನೋಡಿ. ಬೂದು ಬಣ್ಣದ್ದು ಭರತಿ ಮುಟ್ಟದ ಭಾಗ, ನಿಶ್ಚಿಂತೆಯಿಂದ ಕಾಲಿಡಬಹುದು. ಅದರ ಕೆಳಗೆ ಕಪ್ಪು ಪಟ್ಟಿ. ಕಣ್ಣಿಗೆ ಒರಟು ಕಲ್ಲಿನಂತೆಯೇ ಕಾಣುವ ಆ ಕಪ್ಪು ತೆಳ್ಳನೆಯ ಪಾಚಿ, ಒದ್ದೆಯಾದಾಗ ಎಣ್ಣೆ ಹಚ್ಚಿದಂತೆ. ಇನ್ನೂ ಕೆಳಗೆ ಚಿಪ್ಪುಗಳು ಅಂಟಿಕೊಂಡ ಪಟ್ಟಿ. ಅಲ್ಲಿ ಜಾರುವುದು ಕಡಿಮೆ, ಆದರೆ ಕೈ ಊರಿದರೆ ಬ್ಲೇಡಿನಂತೆ ಸೀಳುತ್ತದೆ. ಹಾಗಾಗಿ ಬೂದು ಪಟ್ಟಿಯಲ್ಲೇ ನಡೆಯಿರಿ. ಅದು ಸಿಗದಷ್ಟು ನೀರು ಮೇಲೆ ಬಂದಿದ್ದರೆ ಗುಡ್ಡದ ಮೇಲಿನ ದಾರಿ ಹಿಡಿಯಿರಿ. ಹತ್ತಿಪ್ಪತ್ತು ನಿಮಿಷ ಹೆಚ್ಚಾಗುತ್ತದೆ, ಅಷ್ಟೇ. ‘ಒಂದು ಅಲೆ ಹೋಗಲಿ, ಓಡಿ ದಾಟೋಣ’ ಎನ್ನುವ ಲೆಕ್ಕಾಚಾರ ಮಾತ್ರ ಯಾವತ್ತೂ ಬೇಡ. ಅಲೆಗಳು ಒಂದೇ ಅಳತೆಯವಲ್ಲ. ಐದಾರು ಸಣ್ಣವು ಬಂದು ಹೋದ ಮೇಲೆ ಎರಡು ಮೂರು ದೊಡ್ಡವು ಒಟ್ಟಿಗೆ ಬರುತ್ತವೆ. ಸೆಕೆ ಎಂದು ಇಲ್ಲಿ ನೀರಿಗಿಳಿಯುವುದೂ ಬೇಡ, ಸೆಳೆತ ಮೇಲಿಂದ ಕಾಣುವುದಿಲ್ಲ.

ಪ್ಯಾರಡೈಸ್ ದಾಟಿ ಕುರುಚಲು ಕಾಡಿನ ಗುಡ್ಡದಲ್ಲಿ ಬೇಲೆಕಾನಕ್ಕೆ ಹೋಗುವ ದಾರಿಯಲ್ಲಿ ಕವಲು ಬಹಳ. ದನದ ದಾರಿ ಯಾವುದು, ಜನರ ದಾರಿ ಯಾವುದು ಎಂಬ ಗೊಂದಲ. ದನ ಪೊದೆಯಡಿ ನುಸುಳುತ್ತದೆ, ಮನುಷ್ಯ ನುಸುಳುವುದಿಲ್ಲ. ಎದೆಯ ಮಟ್ಟದಲ್ಲಿ ಕೊಂಬೆ ಅಡ್ಡ ಬರತೊಡಗಿದರೆ ದಾರಿ ತಪ್ಪಿದೆ ಎಂದೇ ತಿಳಿದು ಹಿಂದಿನ ಕವಲಿಗೆ ವಾಪಸ್ ಬನ್ನಿ. ಇಳಿದೇ ಬಿಡೋಣ ಎಂದು ಕಡಲಿನ ಕಡೆಗೆ ನುಗ್ಗಿದವರು ಕೊರಕಲ ಬಾಯಿಗೆ ಬಂದು ನಿಲ್ಲುತ್ತಾರೆ. ಬೇಲೆಕಾನದಿಂದ ತದಡಿಗೆ ಸರಾಗ.

ತದಡಿ ಮೀನುಗಾರಿಕೆ ಬಂದರು. ಅಘನಾಶಿನಿ ಹೊಳೆ ಸಮುದ್ರ ಸೇರುವುದು ಇಲ್ಲೇ. ಆಚೆ ದಡದ ಊರಿನ ಹೆಸರೂ ಅಘನಾಶಿನಿಯೇ. ದಾಟಲು ತಾರಿ ದೋಣಿ ಇದೆ, ಬೈಕೂ ಹತ್ತಿಸುತ್ತಾರೆ. ಹನ್ನೊಂದರ ಒಳಗೆ ಇಲ್ಲಿಗೆ ಬಂದಿರಬೇಕು ಎನ್ನುವುದು ಇಡೀ ದಿನದ ಲೆಕ್ಕದ ಕೀಲು. ಬಂದಿಲ್ಲವಾದರೆ ಕುಮಟಾವನ್ನು ಇನ್ನೊಂದು ದಿನಕ್ಕೆ ಬಿಟ್ಟು, ತದಡಿಯಿಂದಲೇ ವಾಹನ ಹಿಡಿದು ಗೋಕರ್ಣಕ್ಕೆ ಮರಳುವುದು ವಾಸಿ. ಹೊರಡುವ ಮುನ್ನಾದಿನವೇ ತಾರಿ ನಡೆಯುತ್ತಿದೆಯೇ ಎಂದು ಊರವರನ್ನು ಕೇಳಿಕೊಳ್ಳಿ. ನಿಂತಿದ್ದರೆ ಮಿರ್ಜಾನ್ ಕಡೆ ಹೆದ್ದಾರಿಯ ಸೇತುವೆಗೆ ಸುತ್ತಬೇಕು, ಅದು ನಡೆಯುವ ಮಾತಲ್ಲ.

ದೋಣಿಯಲ್ಲಿ ಕೂತಾಗ ಬಲಕ್ಕೆ ಕಡಲು, ಎಡಕ್ಕೆ ಅಳಿವೆ. ಆಗ ಎಡಕ್ಕೆ ನೋಡಿ. ಇಳಿತದ ಹೊತ್ತಾದರೆ ಸೊಂಟಮಟ್ಟದ ನೀರಿನಲ್ಲಿ ಜನ ಬಗ್ಗಿ ಬಳಚು, ಅಂದರೆ ಚಿಪ್ಪುಮೀನು, ಆಯುತ್ತಿರುತ್ತಾರೆ. ಎಲ್ಲೂ ಅಣೆಕಟ್ಟು ಇಲ್ಲದ ಹೊಳೆ ಇದು. ಘಟ್ಟದ ಮೇಲಿನ ನೀರು, ಮಣ್ಣು ಎರಡೂ ತಡೆಯಿಲ್ಲದೆ ಇಲ್ಲಿಗೆ ಬರುತ್ತವೆ, ಬಳಚು ಬದುಕಿರುವುದು ಅದರಿಂದಲೇ. ಅಂಚಿನಲ್ಲಿ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಿವೆ, ಗಜನಿ ಎನ್ನುತ್ತಾರೆ; ಅಲ್ಲಿ ಉಪ್ಪು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುತ್ತದೆ. 2024ರಲ್ಲಿ ಈ ಅಳಿವೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಪಟ್ಟಿಗೆ ಸೇರುವ ಎಷ್ಟೋ ಮೊದಲಿನಿಂದ ಈ ಬಳಚೇ ಇಲ್ಲಿನ ಮನೆಗಳ ಒಲೆ ಉರಿಸಿದೆ.

ಆಚೆ ದಡದಲ್ಲಿ ಊರೊಳಗಿನಿಂದ ಗುಡ್ಡ ಹತ್ತಿ ಇಳಿದರೆ ಕಿರುಬೇಲೆ, ಮುಂದೆ ಕಾಗಾಲ. ನೀರು ತುಂಬಿಸಿಕೊಳ್ಳಲು ಈ ಊರುಗಳೇ ಸರಿ, ಮುಂದಿನ ದಂಡೆಯಲ್ಲಿ ನೆರಳೂ ಇಲ್ಲ, ಬಾವಿಯೂ ಇಲ್ಲ. ಅಂಗಳದ ಹೊರಗೇ ನಿಂತು ‘ಅಕ್ಕಾ, ಕುಡ್ಯೂಕೆ ನೀರು ಸಿಗ್ತದ್ಯಾ?’ ಎಂದು ಕೇಳಿದರೆ ಕೊಡುತ್ತಾರೆ. ಹೇಳದೆ ಕೇಳದೆ ಬಾವಿಗೆ ಕೊಡಪಾನ ಇಳಿಸಬೇಡಿ.

ಕಾಗಾಲದಿಂದ ಬಾಡದ ಕಡೆಗೆ ಕಣ್ಣು ಹಾಯುವವರೆಗೂ ನೇರ ಮರಳು. ನಿರ್ವಾಣ ಬೀಚ್ ಎಂದು ಹೊರಗಿನವರು ಕರೆಯುವುದು ಇದನ್ನೇ. ಇಲ್ಲಿ ಎಲ್ಲಿ ಕಾಲಿಡುತ್ತೀರಿ ಎನ್ನುವುದೇ ಸಂಜೆಯನ್ನು ತೀರ್ಮಾನಿಸುತ್ತದೆ. ಸಡಿಲ ಮರಳಿನಲ್ಲಿ ನಡೆಯಲು ಗಟ್ಟಿ ನೆಲಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಹೋಗುತ್ತದೆ. ನೀರಿನ ಅಂಚಿನಲ್ಲಿ, ಅಲೆ ಈಗಷ್ಟೇ ಹಿಂದೆ ಸರಿದ ಕಡೆ ಮರಳು ಕನ್ನಡಿಯಂತೆ ಹೊಳೆಯುತ್ತದೆ. ಅದು ನೀರು ಕುಡಿದ ಮರಳು, ಕಾಲು ಇಳಿಯುತ್ತದೆ. ಅದಕ್ಕಿಂತ ಒಂದೆರಡು ಮಾರು ಮೇಲೆ, ಹೊಳಪು ಆರಿ ಬಣ್ಣ ಮಾತ್ರ ಕಪ್ಪಗೆ ಉಳಿದ ಪಟ್ಟಿ ಇರುತ್ತದಲ್ಲ, ಅದು ನಿಮ್ಮ ರಸ್ತೆ. ಕಾಲಿಟ್ಟು ಕೆಳಗೆ ನೋಡಿ. ಪಾದದ ಸುತ್ತ ಅಂಗೈ ಅಗಲ ಮರಳು ಕ್ಷಣಹೊತ್ತು ಬಿಳಿಚಿಕೊಂಡು, ಕಾಲೆತ್ತಿದಾಗ ಮತ್ತೆ ಒದ್ದೆಯಾಗುತ್ತದೆ. ತುಳಿದಾಗ ಒತ್ತೊತ್ತಾಗಿ ಕೂತಿದ್ದ ಹರಳುಗಳು ಒಂದರ ಮೇಲೊಂದು ಏರಿ ನಡುವಿನ ಜಾಗ ಹಿಗ್ಗುತ್ತದೆ, ಮೇಲಿನ ನೀರು ಆ ಜಾಗಕ್ಕೆ ಇಳಿಯುತ್ತದೆ. 1885ರಲ್ಲಿ ಬ್ರಿಟಿಷ್ ವಿಜ್ಞಾನಿ ಆಸ್ಬೋರ್ನ್ ರೆನಾಲ್ಡ್ಸ್ ವಿವರಿಸಿದ ಸಂಗತಿ ಇದು. ನಡೆಯುವವರಿಗೆ ಅದರಿಂದ ಸಿಗುವ ಉಪಯೋಗ: ಬಿಳಿ ಉಂಗುರ ಮೂಡಿದರೆ ಮರಳು ಗಟ್ಟಿ. ಉಂಗುರದ ಬದಲು ಕೆಸರಿನಂತೆ ನೀರು ಮೇಲೆ ಬಂದರೆ ಒಂದು ಮಾರು ಮೇಲಕ್ಕೆ ಸರಿಯಿರಿ. ಹಿಮ್ಮಡಿಯ ಗುರುತು ಆಳವಾಗಿ ಅಂಚು ಕುಸಿಯತೊಡಗಿದರೆ ಕೆಳಕ್ಕೆ.

ದಂಡೆ ಕಡಲಿನ ಕಡೆಗೆ ವಾಲಿರುವುದರಿಂದ ದಕ್ಷಿಣಕ್ಕೆ ನಡೆಯುವವರ ಬಲಗಾಲು ಗಂಟೆಗಟ್ಟಲೆ ತಗ್ಗಿನಲ್ಲಿರುತ್ತದೆ. ಎರಡು ಗಂಟೆಯಾದ ಮೇಲೆ ಮಂಡಿಯ ಹೊರಮಗ್ಗುಲಲ್ಲಿ, ಸೊಂಟದಲ್ಲಿ ನೋವು ಶುರುವಾಗುವುದು ಇದರಿಂದ. ಇಳಿತ ಪೂರ್ತಿಯಾದಾಗ ಕೆಳಗಿನ ಚಪ್ಪಟೆ ಮರಳು ತೆರೆದುಕೊಳ್ಳುತ್ತದೆ, ಅಲ್ಲಿ ಈ ತೊಂದರೆ ಬಹಳ ಕಡಿಮೆ. ತಿಥಿ ನೋಡಿ ಹೊರಟದ್ದು ಇದಕ್ಕೇ.

ಬರಿಗಾಲು ಹಿತ, ಆದರೆ ಪೂರ್ತಿ ದಾರಿಗಲ್ಲ. ಒದ್ದೆ ಚರ್ಮ ಮೆತ್ತಗಾಗಿ ಮರಳು ಉಜ್ಜಿದಲ್ಲಿ ಬೇಗ ಸುಲಿಯುತ್ತದೆ, ಗಾಳದ ಕೊಕ್ಕೆ, ಗಾಜು ಮರಳಲ್ಲಿ ಕಾಣುವುದಿಲ್ಲ. ಶೂ ಹಾಕಿದರೆ ಗಂಟೆಗೊಮ್ಮೆ ಬಿಚ್ಚಿ ಕಾಲುಚೀಲ ತಿರುವಿ ಕೊಡವಬೇಕು. ಎಲ್ಲಿಯಾದರೂ ಬಿಸಿಬಿಸಿ ಉರಿದಂತಾದರೆ ಆ ಕ್ಷಣವೇ ನಿಂತು, ಒಣಗಿಸಿ, ಪಟ್ಟಿ ಅಂಟಿಸಿ. ಪಟ್ಟಿಯ ಮೂಲೆಗಳನ್ನು ಕತ್ತರಿಸಿ ದುಂಡಗೆ ಮಾಡಿದರೆ ಎದ್ದು ಬರುವುದಿಲ್ಲ. ಗುಳ್ಳೆ ಎದ್ದ ಮೇಲೆ ಮಾಡುವ ಯಾವ ಉಪಚಾರವೂ ಇದರ ಅರ್ಧದಷ್ಟೂ ಕೆಲಸ ಮಾಡುವುದಿಲ್ಲ.

ದಂಡೆಯಲ್ಲಿ ರಂಪಣಿ ಎಂಬ ದೊಡ್ಡ ಮೀನುಬಲೆ ಎಳೆಯುತ್ತಿದ್ದರೆ ಹಗ್ಗ ದಾಟಬೇಡಿ. ಎಳೆಯುವವರ ಬೆನ್ನ ಹಿಂದಿನಿಂದ ಸುತ್ತಿ ಹೋಗಿ. ಬಿಗಿದ ಹಗ್ಗ ಯಾವಾಗ ಮೇಲೇಳುತ್ತದೆಂದು ಹೇಳಲಾಗದು. ಬೇಲಿ ಕಟ್ಟಿದ ಮರಳಿನ ತುಂಡು ಕಂಡರೆ ಕಡಲಾಮೆಯ ಮೊಟ್ಟೆಗಳಿರಬಹುದು, ದೂರ ನಡೆಯಿರಿ. ಮಳೆಗಾಲ ಕಳೆದು ಹೆಚ್ಚು ದಿನವಾಗಿರದಿದ್ದರೆ ಸಣ್ಣ ಹಳ್ಳಗಳು ಮರಳು ಕೊರೆದು ಕಡಲು ಸೇರುತ್ತಿರುತ್ತವೆ. ಕಿರಿದಾದ ಕಡೆ ಹಾರಲು ಹೋಗಬೇಡಿ, ಅಲ್ಲಿ ಆಳವೂ ಹೆಚ್ಚು, ಅಂಚೂ ಕುಸಿಯುತ್ತದೆ. ನೀರು ಹರಡಿಕೊಂಡು ಹರಿಯುವ ಕಡೆ ಪಾದ ಎತ್ತದೆ ಎಳೆಯುತ್ತಾ ದಾಟಿ. ಮರಳಡಿ ಅಡಗಿದ ತೊರಕೆ ಮೀನು ಸದ್ದಿಗೆ ಸರಿದುಹೋಗುತ್ತದೆ, ತುಳಿದರೆ ಮಾತ್ರ ಮುಳ್ಳಿನಿಂದ ಹೊಡೆಯುತ್ತದೆ.

ಬಾಡ, ಗುಡೇಅಂಗಡಿ, ಕಡ್ಲೆ ಎಲ್ಲವೂ ಒಳಗೆ ರಸ್ತೆ ಇರುವ ಊರುಗಳು, ಕಾಲು ಸೋತರೆ ಇಲ್ಲೇ ಮುಗಿಸಬಹುದು. ಕಡ್ಲೆಯಾಚೆ ಮತ್ತೆ ಗುಡ್ಡ, ಮತ್ತೆ ಬಂಡೆ. ಈ ಹೊತ್ತಿಗೆ ಭರತಿ ಏರತೊಡಗಿರುತ್ತದೆ. ಬಂಡೆಯ ಬುಡದಲ್ಲಿ ಕಸಕಡ್ಡಿ, ಚಿಪ್ಪು ಸಾಲಾಗಿ ಬಿದ್ದ ಗೆರೆ ನೋಡಿ, ಹಿಂದಿನ ಭರತಿ ಅಲ್ಲಿವರೆಗೆ ಬಂದಿತ್ತು. ಗೆರೆ ಬಂಡೆಗೇ ತಾಗಿದ್ದರೆ ಕೆಳಗಿನ ದಾರಿ ಸ್ವಲ್ಪ ಹೊತ್ತಿಗೆ ಮುಚ್ಚುತ್ತದೆ, ಮೇಲಿನದನ್ನು ಹಿಡಿಯಿರಿ.

ಗುಡ್ಡ ಇಳಿದರೆ ವನ್ನಳ್ಳಿ, ಅಲ್ಲಿಂದ ಕುಮಟಾ ಪೇಟೆಗೆ ಡಾಂಬರು ರಸ್ತೆ. ಧಾರವಾಡ ಸೀಮೆಯ ಹತ್ತಿ 19ನೆಯ ಶತಮಾನದಲ್ಲಿ ಹಡಗು ಹತ್ತುತ್ತಿದ್ದುದು ಈ ಊರಿನಿಂದ. ಘಟ್ಟ ಇಳಿದ ಗಾಡಿಗಳ ದಾರಿ ಬಂದು ಮುಗಿಯುತ್ತಿದ್ದ ಕಡಲಂಚಿಗೇ ನೀವೂ ಬಂದಿರುತ್ತೀರಿ. ರಸ್ತೆಗೆ ಹತ್ತುವ ಮೊದಲು ಉಳಿದ ಸಿಹಿನೀರಿನಲ್ಲಿ ಕಾಲು ತೊಳೆದು, ಬೆರಳುಸಂದುಗಳನ್ನು ಒರೆಸಿ, ಒಣ ಕಾಲುಚೀಲ ಹಾಕಿಕೊಳ್ಳಿ. ಉಪ್ಪು ಒಣಗಿ ಹರಳಾದರೆ ಈ ಕೊನೆಯ ಡಾಂಬರಿನ ದಾರಿಯಲ್ಲೇ ಹಿಮ್ಮಡಿ ಕಿತ್ತುಹೋಗುತ್ತದೆ.