ಜೀಬ್ರಾ ಕ್ರಾಸಿಂಗ್ ಬೇಡ ಅನ್ನುವವರ ಮಾತಲ್ಲಿ ಅಳೆಯಬೇಕಾದದ್ದು

ಬಡಾವಣೆಯ ರಸ್ತೆಗೆ ಜೀಬ್ರಾ ಕ್ರಾಸಿಂಗ್ ಬರುತ್ತದೆ ಅಂದಕೂಡಲೇ ಕೇಳಿಬರುವ ತಕರಾರುಗಳು ಹೆಚ್ಚುಕಡಿಮೆ ಇವೇ: ಮನೆ ಮುಂದಿನ ಪಾರ್ಕಿಂಗ್ ಹೋಗುತ್ತದೆ, ದೀಪ ಮಲಗುವ ಕೋಣೆಗೆ ಬೀಳುತ್ತದೆ, ಹಂಪ್ ಹಾಕಿದರೆ ರಾತ್ರಿಯೆಲ್ಲ ಸದ್ದು, ಇಲ್ಲಿ ದಾಟುವವರಾದರೂ ಯಾರು? ರಸ್ತೆ ವಿನ್ಯಾಸ ಮಾಡುವ ನಾವು ಇದನ್ನು ಸ್ವಾರ್ಥ ಎಂದು ಬದಿಗಿಟ್ಟರೆ ಕೆಲಸ ಕೆಡುತ್ತದೆ. ಒಂದೊಂದು ತಕರಾರಿನಲ್ಲೂ ಸ್ಥಳಕ್ಕೆ ಹೋಗಿ ಅಳೆಯಬೇಕಾದ ಸಂಗತಿಯೊಂದು ಇರುತ್ತದೆ.

'ದಾಟುವವರೇ ಇಲ್ಲ' ಎಂಬುದನ್ನು ಒಂದೇ ಜಾಗದಲ್ಲಿ ನಿಂತು ಎಣಿಸಿ ಒಪ್ಪಬಾರದು. ಜನ ಹೆದರಿ ದಾಟದೇ ಇರಬಹುದು, ಇಲ್ಲವೇ ಐವತ್ತು ಮೀಟರ್ ಆಚೆ ದಾಟುತ್ತಿರಬಹುದು. ಶಾಲೆ ಬಿಡುವ ಹೊತ್ತು, ಸಂಜೆ, ರಜಾದಿನ ಎಲ್ಲವೂ ಲೆಕ್ಕಕ್ಕೆ ಬರಬೇಕು. 'ಆ ಬದಿಯ ಬಸ್ ನಿಲ್ದಾಣಕ್ಕೆ ನೀವು ಹೇಗೆ ಹೋಗುತ್ತೀರಿ?' ಎಂದು ನಿವಾಸಿಗಳನ್ನೇ ಕೇಳಿದರೆ ಜನ ನಿಜವಾಗಿ ದಾಟುವ ಜಾಗ ಗೊತ್ತಾಗುತ್ತದೆ. ಪಟ್ಟಿ ಬಳಿಯಬೇಕಾದದ್ದು ಅಲ್ಲೇ. ದೂರ ಬಳಿದರೆ ಯಾರೂ ಸುತ್ತಿ ಬರುವುದಿಲ್ಲ.

ಪಾರ್ಕಿಂಗ್ ವಿಷಯಕ್ಕೆ ಹೆಚ್ಚು ಸಮಯ ಕೊಡಿ. 50 ಕಿ.ಮೀ. ವೇಗದ ಗಾಡಿ, ಚಾಲಕ ನೋಡಿ ಬ್ರೇಕ್ ಒತ್ತಲು ಎರಡೂವರೆ ಸೆಕೆಂಡ್ ಹಿಡಿದರೆ, ನಿಲ್ಲಲು ವಿನ್ಯಾಸದ ಲೆಕ್ಕದಲ್ಲಿ ಸುಮಾರು 63 ಮೀಟರ್ ಬೇಕು. 30ರ ವೇಗದಲ್ಲಿ 31 ಮೀಟರ್ ಸಾಕು. ಪಟ್ಟಿಗೆ ಒತ್ತಿ ನಿಂತ ಒಂದೇ ಕಾರು ಅಷ್ಟೂ ದೂರದ ನೋಟವನ್ನು ಮುಚ್ಚಿಬಿಡುತ್ತದೆ, ಮಗುವಿನ ತಲೆಯಂತೂ ಕಾಣುವುದೇ ಇಲ್ಲ. ಇಲ್ಲಿ ರಾಜಿಯಾಗಬಾರದು. ಆದರೆ ನಷ್ಟವನ್ನು ಕಡಿಮೆ ಮಾಡಬಹುದು: 11 ಮೀಟರ್ ಅಗಲದ ರಸ್ತೆಯ ಎರಡೂ ಬದಿ ಪಾರ್ಕಿಂಗ್ ಇದ್ದರೆ, ಪಟ್ಟಿ ಇರುವಲ್ಲಿ ಫುಟ್‌ಪಾತನ್ನು ತಲಾ 2 ಮೀಟರ್ ಮುಂದಕ್ಕೆ ತನ್ನಿ. ನಡೆಯುವವರು ನಿಂತ ಕಾರುಗಳ ಸಾಲು ದಾಟಿ ಮುಂದೆ ನಿಲ್ಲುವುದರಿಂದ ಚಾಲಕರಿಗೆ ಕಾಣುತ್ತಾರೆ, ಖಾಲಿ ಬಿಡಬೇಕಾದ ಪಾರ್ಕಿಂಗ್ ಉದ್ದವೂ ತಗ್ಗುತ್ತದೆ. ದಾಟುವ ಅಗಲ 7 ಮೀಟರಿಗೆ ಇಳಿಯುತ್ತದೆ, ಸೆಕೆಂಡಿಗೆ 0.9 ಮೀಟರ್ ನಡೆಯುವ ಹಿರಿಯರಿಗೆ 12 ಸೆಕೆಂಡಿನ ಬದಲು 8 ಸಾಕು. ಇದನ್ನು ನಕ್ಷೆಯಲ್ಲಿ ತೋರಿಸುವುದಕ್ಕಿಂತ ರಸ್ತೆ ಮೇಲೆ ಸುಣ್ಣದ ಗೆರೆ ಎಳೆದು ತೋರಿಸಿ. ಯಾವ ಗೇಟಿಗೆ ಅಡ್ಡ ಬರುತ್ತದೆ ಎಂಬುದೂ ಆಗಲೇ ತಿಳಿಯುತ್ತದೆ.

'ಬರೀ ಬಣ್ಣ ಬಳಿದರೆ ಗಾಡಿ ನಿಲ್ಲುತ್ತದೆಯೇ?' ಎಂಬ ಅನುಮಾನವೂ ನ್ಯಾಯವಾದದ್ದೇ. ಒಂದೇ ದಿಕ್ಕಿಗೆ ಎರಡು ಲೇನ್ ಇದ್ದಲ್ಲಿ ಮೊದಲ ಲೇನಿನ ಗಾಡಿ ನಿಲ್ಲುತ್ತದೆ, ಅದರ ಮರೆಯಿಂದ ಎರಡನೆಯದು ನುಗ್ಗುತ್ತದೆ. ಅಮೆರಿಕದಲ್ಲಿ 2005ರಲ್ಲಿ ಪ್ರಕಟವಾದ ಅಧ್ಯಯನವೊಂದು, ದಿನಕ್ಕೆ 12,000ಕ್ಕೂ ಹೆಚ್ಚು ವಾಹನ ಓಡುವ, ನಡುವೆ ಡಿವೈಡರ್ ಇಲ್ಲದ ಬಹುಲೇನ್ ರಸ್ತೆಗಳಲ್ಲಿ ಬರೀ ಪಟ್ಟಿ ಬಳಿದ ಜಾಗಗಳಲ್ಲೇ ಪಾದಚಾರಿ ಅಪಘಾತದ ಪ್ರಮಾಣ ಹೆಚ್ಚಿತ್ತೆಂದು ಕಂಡುಕೊಂಡಿತು. ಅಂಥಲ್ಲಿ ರಸ್ತೆ ನಡುವೆ ನಿಲ್ಲಲು ಕನಿಷ್ಠ 2 ಮೀಟರ್ ಅಗಲದ ಕಟ್ಟೆ ಬೇಕು, ಅಥವಾ ಸಿಗ್ನಲ್ ಬೇಕು. ಕಟ್ಟೆ ಇದಕ್ಕಿಂತ ಕಿರಿದಾದರೆ ಮಗುವಿನ ಗಾಡಿ, ಗಾಲಿಕುರ್ಚಿ ರಸ್ತೆಗೆ ಚಾಚಿಕೊಳ್ಳುತ್ತವೆ.

ದೀಪದ ಚಿಂತೆ ಸುಲಭವಾಗಿ ತೀರುತ್ತದೆ. ಕಂಬ ಪಟ್ಟಿಯ ನೆತ್ತಿಯ ಮೇಲಲ್ಲ, ವಾಹನ ಬರುವ ಬದಿಗೆ ಸ್ವಲ್ಪ ಹಿಂದಿರಬೇಕು. ಆಗ ದಾಟುವವರ ಮೈಮೇಲೆ ಚಾಲಕರ ಕಡೆಯಿಂದಲೇ ಬೆಳಕು ಬೀಳುತ್ತದೆ. ಮನೆ ಕಡೆ ಚೆಲ್ಲದಂತೆ ದೀಪಕ್ಕೆ ಮರೆ ಕಟ್ಟಿಸಿ.

ಸದ್ದಿನ ದೂರು ಹಾಗಲ್ಲ. ಭಾರಿ ವಾಹನ, ಬಸ್ ಓಡುವ ರಸ್ತೆಯಲ್ಲಿ ಹಂಪ್‌ನಂತೆ 75ರಿಂದ 100 ಮಿ.ಮೀ. ಎತ್ತರಿಸಿದ ಕ್ರಾಸಿಂಗ್ ಮನೆ ಗೋಡೆಗೆ ಸಮೀಪವಿದ್ದರೆ ಸದ್ದೂ ಅದುರುವಿಕೆಯೂ ನಿಜವೇ. ಇಳಿಜಾರನ್ನು ಉದ್ದ ಮಾಡಿ, ಇಲ್ಲವೇ ಕ್ರಾಸಿಂಗನ್ನು ಮನೆಗಳಿಂದ ತುಸು ಸರಿಸಿ. ಮಳೆಗಾಲದಲ್ಲಿ ನೀರು ಎಲ್ಲಿ ನಿಲ್ಲುತ್ತದೆ ಎಂದು ಅಕ್ಕಪಕ್ಕದವರನ್ನು ಕೇಳದೆ ಎತ್ತರಿಸುವ ಕೆಲಸಕ್ಕೆ ಕೈಹಾಕಬೇಡಿ. ಅಂಚಿನಲ್ಲಿ ಹರಿಯುವ ನೀರಿಗೆ ಅದು ಅಡ್ಡಗಟ್ಟೆಯಾಗುತ್ತದೆ. ನೀರು ಹರಿದು ಬರುವ ಬದಿಯಲ್ಲಿ ಜಾಲರಿ ಇಟ್ಟು ಚರಂಡಿಗೆ ಇಳಿಸದಿದ್ದರೆ ದಾಟಲು ನಿಲ್ಲುವ ಜಾಗದಲ್ಲೇ ನೀರು ತುಂಬುತ್ತದೆ.