ಬಿಲ್ಲೆಯ ದಪ್ಪದಲ್ಲಿತ್ತು ಗುರುತು

ಪೀಣ್ಯದ ಒಂದು ಮಷೀನ್ ಶಾಪ್‌ನಲ್ಲಿ ಇನ್‌ಸ್ಪೆಕ್ಷನ್ ನನ್ನ ಕೆಲಸ. ಕೈಯಲ್ಲಿ ಸದಾ ದಪ್ಪ ಅಳೆಯುವ ಮೈಕ್ರೋಮೀಟರ್. ನಾಸಾದ ಜೆನೆಸಿಸ್ ನೌಕೆ ನನಗೆ ಇಷ್ಟವಾಗಿದ್ದು ಅದಕ್ಕೇ ಇರಬೇಕು.

2001ರ ಆಗಸ್ಟ್‌ನಲ್ಲಿ ಹಾರಿದ ಈ ನೌಕೆಯ ಕೆಲಸ ಸೌರಮಾರುತವನ್ನು, ಅಂದರೆ ಸೂರ್ಯನಿಂದ ಸದಾ ಬೀಸುವ ವಿದ್ಯುದಾವೇಶದ ಕಣಗಳ ಗಾಳಿಯನ್ನು, ಹಿಡಿದು ತರುವುದು. ಭೂಮಿಯಿಂದ 15 ಲಕ್ಷ ಕಿ.ಮೀ. ದೂರದಲ್ಲಿ ಸಿಲಿಕಾನ್, ನೀಲಮಣಿಯಂಥ ಷಟ್ಕೋನದ ಬಿಲ್ಲೆಗಳನ್ನು ಸೂರ್ಯನಿಗೆ ಒಡ್ಡಿತು. ಬಂದ ಅಯಾನುಗಳು (ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುಗಳು) ಒಂದು ಮೈಕ್ರಾನ್‌ಗಿಂತ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತ, ಕಡಿಮೆ ಆಳಕ್ಕೆ ಹೊಕ್ಕು ಅಲ್ಲೇ ಉಳಿದವು.

ಆದರೆ ಗಾಳಿ ಒಂದೇ ಥರ ಇರಲ್ಲ ಅಲ್ವಾ? ನಿಧಾನದ್ದು, ವೇಗದ್ದು, ಸೂರ್ಯನ ಹೊರಾವರಣವಾದ ಕರೋನಾ ಸಿಡಿದಾಗ ಬರುವ ಸಿಎಂಇಯದ್ದು (ಕರೋನಲ್ ಮಾಸ್ ಎಜೆಕ್ಷನ್). ಮೂರಕ್ಕೂ ಬಿಲ್ಲೆ ಜೋಡಿಸಿದ ಬೇರೆ ಬೇರೆ ತಟ್ಟೆ. ಯಾವುದನ್ನು ಯಾವಾಗ ಚಾಚಬೇಕೆಂದು ನೌಕೆಯ ಕಂಪ್ಯೂಟರೇ ನಿರ್ಧರಿಸುತ್ತಿತ್ತು. ಅದು ನೋಡುತ್ತಿದ್ದ ಸುಳಿವುಗಳಲ್ಲಿ ಹೀಲಿಯಂ ಒಂದು. ಮಾಮೂಲಿ ಗಾಳಿಯಲ್ಲಿ ನೂರು ಪ್ರೋಟಾನ್‌ಗೆ ನಾಲ್ಕರ ಆಸುಪಾಸು ಹೀಲಿಯಂ. ಸಿಎಂಇಯಲ್ಲಿ ಎಷ್ಟೋ ಸಲ ಎಂಟು ದಾಟುತ್ತದೆ. ಜೊತೆಗೆ ಪ್ರೋಟಾನ್‌ಗಳು ಆ ವೇಗಕ್ಕೆ ಇರಬೇಕಾದ್ದಕ್ಕಿಂತ ತಣ್ಣಗಿರುತ್ತವೆ, ಎಲೆಕ್ಟ್ರಾನ್‌ಗಳು ಎರಡೂ ದಿಕ್ಕಿಗೆ ಹರಿಯುತ್ತಿರುತ್ತವೆ.

ಕಬ್ಬಿಣದ ಸುಳಿವು ಇನ್ನೂ ಚೆಂದ. ಅದನ್ನು ಅಳೆದದ್ದು 1997ರಲ್ಲಿ ಹಾರಿದ ನಾಸಾದ ಇನ್ನೊಂದು ನೌಕೆ, ಏಸ್. ಮಾಮೂಲಿ ಗಾಳಿಯಲ್ಲಿ ಕಬ್ಬಿಣ ಸುಮಾರು ಹತ್ತು ಎಲೆಕ್ಟ್ರಾನ್ ಕಳೆದುಕೊಂಡಿರುತ್ತದೆ. ಸಿಎಂಇಯಲ್ಲಿ ಹದಿನಾರು ಕಳೆದುಕೊಂಡದ್ದೂ ಜಾಸ್ತಿ ಸಿಗುತ್ತದೆ. ಅಷ್ಟು ಕೀಳಬೇಕಾದರೆ ಹಲವು ದಶಲಕ್ಷ ಡಿಗ್ರಿ ಶಾಖ ಬೇಕು. ಸೂರ್ಯನಿಂದ ಸ್ವಲ್ಪ ದೂರ ಬಂದರೆ ಗಾಳಿ ಎಷ್ಟು ವಿರಳವಾಗುತ್ತದೆಂದರೆ, ಕಳೆದುಕೊಂಡ ಎಲೆಕ್ಟ್ರಾನ್ ಮತ್ತೆ ಸಿಗುವುದೇ ಇಲ್ಲ. ಮುಂದೆ ಗಾಳಿ ಎಷ್ಟೇ ತಣ್ಣಗಾಗಲಿ, ಹುಟ್ಟಿದ ಜಾಗದ ಶಾಖದ ಲೆಕ್ಕ ಆ ಕಬ್ಬಿಣದಲ್ಲಿ ಹಾಗೇ ಇರುತ್ತದೆ.

2004ರ ಸೆಪ್ಟೆಂಬರ್ 8ರಂದು ಜೆನೆಸಿಸ್‌ನ ಡಬ್ಬಿ ಮರಳಿತು. ನೆಲ ಮುಟ್ಟುವ ಮೊದಲೇ ಆಕಾಶದಲ್ಲಿ ಹಿಡಿಯಲು ಅಮೆರಿಕದ ಉಟಾದಲ್ಲಿ ಹೆಲಿಕಾಪ್ಟರ್ ಕಾಯುತ್ತಿದ್ದವು. ಪ್ಯಾರಾಶೂಟ್ ಬಿಚ್ಚಲಿಲ್ಲ. ಗಂಟೆಗೆ 300 ಕಿ.ಮೀ. ಮೀರಿದ ವೇಗದಲ್ಲಿ ನೆಲಕ್ಕೆ ಬಡಿಯಿತು. ವೇಗ ಇಳಿಯುವುದನ್ನು ಗುರುತಿಸಿ ಪ್ಯಾರಾಶೂಟ್ ಬಿಚ್ಚಿಸಬೇಕಾದ ಸ್ವಿಚ್‌ಗಳು ತಲೆಕೆಳಗಾಗಿದ್ದವು. ತಪ್ಪು ಡ್ರಾಯಿಂಗ್‌ನಲ್ಲೇ ಇತ್ತು, ಜೋಡಿಸಿದವರು ಡ್ರಾಯಿಂಗ್ ಪ್ರಕಾರವೇ ಜೋಡಿಸಿದ್ದರು. ನಮ್ಮ ಕಸುಬಿನವರಿಗೆ ಇದಕ್ಕಿಂತ ಹೊಟ್ಟೆ ಉರಿಸುವ ಮಾತಿಲ್ಲ.

ಬಿಲ್ಲೆಗಳು ಸಾವಿರಾರು ಚೂರಾದವು. ಯಾವ ಚೂರು ಯಾವ ಗಾಳಿಯದು? ಯಾರೋ ಪುಣ್ಯಾತ್ಮರು ಮೊದಲೇ ಒಂದೊಂದು ತಟ್ಟೆಗೆ ಒಂದೊಂದು ದಪ್ಪದ ಬಿಲ್ಲೆ ಹಾಕಿಸಿದ್ದರು. ಸಿಎಂಇಯದ್ದು 650 ಮೈಕ್ರಾನ್. ಲೇಬಲ್ ಅಂಟಿಸಿದ್ದರೆ ಒಡೆದಾಗಲೇ ಹೋಗಿಬಿಡುತ್ತಿತ್ತು. ದಪ್ಪ ಎಲ್ಲಿಗೆ ಹೋಗುತ್ತದೆ? ಅಳೆದು ಬೇರ್ಪಡಿಸಿದರು. ಮೆತ್ತಿದ ಉಟಾದ ಮಣ್ಣು ತೆಗೆಯುವುದೇ ಆಮೇಲೆ ದೊಡ್ಡ ಕೆಲಸವಾಯಿತು.