ಪುನರ್ವಸು ಮಳೆ ಮತ್ತು ಐದು ಪೊಟ್ಟಣ

ಜುಲೈ 14, 2024, ಭಾನುವಾರ

ಪುನರ್ವಸು ಹಿಡಿದು ಒಂಬತ್ತು ದಿನವಾಯಿತು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಅಂಗಳ ಈ ಒಂಬತ್ತು ದಿನಗಳಲ್ಲಿ ಒಮ್ಮೆಯೂ ಒಣಗಿಲ್ಲ. ಹೊರಗೆ ಬಿಡಲಾಗದೆ ಕಂದು ಹೇಂಟೆಯನ್ನೂ ಅದರ ಹನ್ನೊಂದು ಮರಿಗಳನ್ನೂ ಕೊಟ್ಟಿಗೆಯ ಮೂಲೆಯ ಒಡ್ಡಿಯಲ್ಲಿ ಭತ್ತದ ಹೊಟ್ಟು ಹರಡಿ ಕೂಡಿಹಾಕಿದ್ದೆವು. ಮರಿಗಳಿಗೆ ಐದು ವಾರವಾಗಿತ್ತು. ಮಾಡಿನ ಹೆಂಚೊಂದು ಸರಿದು ನೀರು ತೊಟ್ಟಿಕ್ಕಿ, ಹೊಟ್ಟು ಒಂದು ಕಡೆ ಮುದ್ದೆಗಟ್ಟಿದ್ದನ್ನು ನಾನು ನೋಡಿದ್ದೆ. ಮಳೆ ಹೊಳವಾದ ಮೇಲೆ ತೆಗೆದರಾಯಿತು ಎಂದು ಸುಮ್ಮನಿದ್ದೆ. ಮಳೆ ಹೊಳವಾಗಲಿಲ್ಲ.

ಸೋಮವಾರ ಸಂಜೆ ನುಚ್ಚು ಹಾಕಿದಾಗ ಹತ್ತು ಮರಿಗಳು ಓಡಿ ಬಂದವು, ಒಂದು ಬರಲಿಲ್ಲ. ಬೆನ್ನು ಗೂನು ಮಾಡಿ, ಗರಿ ಕೆದರಿಕೊಂಡು, ರೆಕ್ಕೆ ಇಳಿಬಿಟ್ಟು ಗೋಡೆಯ ಬದಿಯಲ್ಲಿ ತೂಕಡಿಸುತ್ತಿತ್ತು. ನಾನು ಹತ್ತಿರ ಹೋದ ಕೂಡಲೇ ಕಣ್ಣು ಬಿಟ್ಟು, ನೆಟ್ಟಗಾಗಿ, ನೆಲವನ್ನು ಎರಡು ಬಾರಿ ಕುಕ್ಕಿತು; ಕುಕ್ಕಿದ್ದು ಬರೀ ನೆಲವನ್ನು, ಅಲ್ಲಿ ಕಾಳಿರಲಿಲ್ಲ. ಕೋಳಿಯ ಜಾತಿಯೇ ಹಾಗೆ, ಬಲ ಕುಂದಿದ್ದು ಗೊತ್ತಾದರೆ ಜೊತೆಯವೇ ಕುಟ್ಟಿ ಓಡಿಸುತ್ತವೆಂಬ ಕಾರಣಕ್ಕೆ ಕಾಯಿಲೆಯನ್ನು ಕೈಲಾದಷ್ಟು ದಿನ ಮುಚ್ಚಿಡುತ್ತದೆ. ಆದ್ದರಿಂದ ಅದನ್ನು ನೋಡಬೇಕಾದದ್ದು ನಾವು ನೋಡುತ್ತಿದ್ದೇವೆಂದು ಅದಕ್ಕೆ ತಿಳಿಯದಂತೆ, ದೂರದಿಂದ. ಎತ್ತಿಕೊಂಡು ಕುತ್ತಿಗೆಯ ಬುಡದ ಮೇವಿನ ಚೀಲವನ್ನು ಬೆರಳಿನಿಂದ ಒತ್ತಿದೆ. ಮಲಗುವ ಹೊತ್ತಿಗೆ ಕಾಳಿನಿಂದ ತುಂಬಿ ಗಟ್ಟಿಯಾಗಿರಬೇಕಾದ ಚೀಲ ಚಪ್ಪಟೆಯಾಗಿತ್ತು. ಎದೆಯ ಮೂಳೆ ಬೆರಳಿಗೆ ಚುಚ್ಚುವಷ್ಟು ಎದ್ದಿತ್ತು. ಹಾಗಾದರೆ ಆ ಮರಿ ಅಂದು ಸಂಜೆಯಲ್ಲ, ಎರಡು ಮೂರು ದಿನಗಳಿಂದಲೇ ಸರಿಯಾಗಿ ತಿಂದಿರಲಿಲ್ಲ.

ಕೆಳಗಿನ ಮನೆಯ ಅಕ್ಕ ಬಂದು ನೋಡಿದವರೇ, “ಕೊಕ್ಕರೆ ರೋಗವೇ ಮಾರಾಯ, ಉಳಿದದ್ದನ್ನಾದರೂ ನಾಳೆ ಸಂತೆಗೆ ಹಾಕು” ಎಂದರು. ಕೊಕ್ಕರೆ ರೋಗವೆಂದರೆ ಕೋಳಿಗಳ ಅಂಟುರೋಗವಾದ ರಾಣಿಖೇತ್; ನಮ್ಮ ಕಡೆ ಕೋಳಿ ತೂಕಡಿಸಿದರೆ ಎಲ್ಲರ ಬಾಯಲ್ಲೂ ಮೊದಲು ಬರುವ ಹೆಸರು ಅದು. ಒಂದು ಬೇಸಿಗೆಯಲ್ಲಿ ನಮ್ಮ ಒಡ್ಡಿ ನಾಲ್ಕೇ ದಿನದಲ್ಲಿ ಬರಿದಾದದ್ದನ್ನು ಅಮ್ಮ ಇಂದಿಗೂ ಹೇಳುತ್ತಾರೆ. ತೂಕಡಿಸುವ ಕೋಳಿಯನ್ನು ಸಂತೆಗೆ ಸಾಗಿಸುವುದು, ಸತ್ತದ್ದನ್ನು ಹಳ್ಳಕ್ಕೆ ಎಸೆಯುವುದು, ಇವೆರಡನ್ನು ನಾವು ಬಿಟ್ಟಿದ್ದರೆ ಆ ರೋಗ ಊರಿಂದೂರಿಗೆ ಇಷ್ಟು ಸಲೀಸಾಗಿ ಹೋಗುತ್ತಿರಲಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹಾಗೆಂದು ಅಂದು ರಾತ್ರಿ ನಾನು ಮಾಡಿದ್ದೂ ಜಾಣತನವೇನಲ್ಲ. ಮನೆಯಲ್ಲಿ ಉಳಿದಿದ್ದ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ಬಿಡಿಸಿ ನೀರಿಗೆ ಕದಡಿದೆ, ಅಮ್ಮ ಅದಕ್ಕೆ ಬಿ ಕಾಂಪ್ಲೆಕ್ಸ್ ಸಿರಪ್ಪನ್ನೂ ಸೇರಿಸಿದರು. ಒಡ್ಡಿಯ ಸುತ್ತ ಫಿನಾಯಿಲ್ ಹಾಕಿ, ಆಗಬೇಕಾದದ್ದೆಲ್ಲ ಆಯಿತೆಂದು ಮಲಗಿದೆ.

ಮಂಗಳವಾರ ಬೆಳಿಗ್ಗೆ ಆ ಮರಿ ಸತ್ತಿತ್ತು. ಇನ್ನು ಮೂರು ತೂಕಡಿಸುತ್ತಿದ್ದವು. ಒಡ್ಡಿಯ ಬಾಗಿಲಿಗೆ ಹಾಸಿದ್ದ ಗೋಣಿಚೀಲದ ಮೇಲೆ ಎಲೆಯಡಿಕೆ ಉಗುಳಿದಂತೆ ನಾಲ್ಕೈದು ಕಡೆ ಕೆಂಪಾಗಿತ್ತು. ಹೊಟ್ಟಿನ ಮೇಲೆ ಬಿದ್ದ ರಕ್ತ ಕಣ್ಣಿಗೆ ಬೀಳುವುದಿಲ್ಲ, ಹೊಟ್ಟು ಅದನ್ನು ಹೀರಿಕೊಂಡುಬಿಡುತ್ತದೆ. ಅಲ್ಲಿ ಗೋಣಿ ಹಾಸಿರದಿದ್ದರೆ ಆಗಲೂ ನನಗೆ ತಿಳಿಯುತ್ತಿರಲಿಲ್ಲ.

ಸತ್ತ ಮರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಪಶು ಆಸ್ಪತ್ರೆಗೆ ಹೋದೆ. ಡಾಕ್ಟರು ಕತ್ತರಿಯಿಂದ ಹೊಟ್ಟೆ ಸೀಳಿ, ಸಣ್ಣ ಕರುಳು ಮುಗಿಯುವಲ್ಲಿ ಜೋಡಿಯಾಗಿ ಚಾಚಿಕೊಂಡಿರುವ ಕುರುಡು ಕರುಳುಗಳನ್ನು ಹೊರಗೆಳೆದು ತೋರಿಸಿದರು. ಪೆನ್ಸಿಲ್ಲಿಗಿಂತ ತೆಳ್ಳಗಿರಬೇಕಾದ ಅವೆರಡೂ ನನ್ನ ಕಿರುಬೆರಳಿನ ಗಾತ್ರಕ್ಕೆ ಊದಿ ಕಪ್ಪುಗೆಂಪಾಗಿದ್ದವು; ಸೀಳಿದಾಗ ಹೆಪ್ಪುಗಟ್ಟಿದ ರಕ್ತವೇ ಹೊರಬಂತು. ಕಾಕ್ಸಿಡಿಯೋಸಿಸ್, ನಾವು ರಕ್ತಭೇದಿ ಎನ್ನುವುದು. ಕರುಳಿನ ಒಳಪದರದಲ್ಲಿ ಬೆಳೆಯುವ ಕಣ್ಣಿಗೆ ಕಾಣದಷ್ಟು ಸಣ್ಣ ಪರೋಪಜೀವಿ ಇದಕ್ಕೆ ಕಾರಣ. ಅದರ ಮೊಟ್ಟೆಯಂಥ ಕೋಶಗಳು ಹಿಕ್ಕೆಯೊಡನೆ ಹೊರಬೀಳುತ್ತವೆ, ತೇವವೂ ಬೆಚ್ಚಗೂ ಇರುವ ಜಾಗ ಸಿಕ್ಕರೆ ಒಂದೆರಡು ದಿನಗಳಲ್ಲೇ ಬಲಿತು ರೋಗ ಹರಡಲು ಸಿದ್ಧವಾಗುತ್ತವೆ, ಮರಿಗಳು ನೆಲ ಕೆದಕಿ ಕುಕ್ಕುವಾಗ ಮತ್ತೆ ಹೊಟ್ಟೆ ಸೇರುತ್ತವೆ. ಸರಿದ ಹೆಂಚಿನ ಕೆಳಗೆ ಮುದ್ದೆಗಟ್ಟಿದ ಹೊಟ್ಟಿನಲ್ಲಿ ನಾನು ಅವಕ್ಕೆ ಒಳ್ಳೆಯ ಸಸಿಮಡಿಯನ್ನೇ ಮಾಡಿಕೊಟ್ಟಿದ್ದೆ. ತಾಯಿಕೋಳಿ ಚಿಕ್ಕಂದಿನಲ್ಲೇ ಸ್ವಲ್ಪ ಸ್ವಲ್ಪವಾಗಿ ಇದನ್ನು ಉಂಡು ತಡೆಶಕ್ತಿ ಪಡೆದಿದ್ದರಿಂದ ಅದಕ್ಕೆ ಏನೂ ಆಗಿರಲಿಲ್ಲ. ಕೊಕ್ಕರೆ ರೋಗವಾಗಿದ್ದರೆ ಅದೂ ಉಳಿಯುತ್ತಿದ್ದದ್ದು ಅನುಮಾನ. ಆ ರೋಗಕ್ಕೆ ಲಸಿಕೆ ಕಾಣದ ಕೋಳಿ ದೊಡ್ಡದಾದರೂ ಒಂದೇ, ಚಿಕ್ಕದಾದರೂ ಒಂದೇ. ಹಸಿರು ನೀರಿನಂಥ ಭೇದಿ, ಬಾಯಿ ತೆರೆದು ಏದುಸಿರು, ಬದುಕಿದರೂ ತಿರುಚಿಕೊಂಡ ಕುತ್ತಿಗೆ. ಬಂದ ಮೇಲೆ ಔಷಧಿಯಿಲ್ಲ.

ರಕ್ತಭೇದಿಗೆ ಔಷಧಿಯಿದೆ. ಆಂಪ್ರೋಲಿಯಂ ಎಂಬ ಶೇಕಡಾ 20ರ ಪುಡಿಯನ್ನು ಲೀಟರ್ ನೀರಿಗೆ 1.2 ಗ್ರಾಂನಂತೆ ಐದು ದಿನ, ಆಮೇಲೆ ಅದರ ಅರ್ಧದಷ್ಟನ್ನು ಒಂದು ವಾರ ಕೊಡಬೇಕೆಂದು ಬರೆದುಕೊಟ್ಟರು. ಬಿ ಕಾಂಪ್ಲೆಕ್ಸ್ ಸಂಗತಿ ಹೇಳಿದಾಗ ಮಾತ್ರ ಬೇಡವೆಂದು ತಲೆಯಾಡಿಸಿದರು. ಈ ಔಷಧಿಯ ರಚನೆ ಥಯಾಮಿನ್ ಅಂದರೆ ಬಿ1 ಜೀವಸತ್ವವನ್ನು ಹೋಲುವುದರಿಂದ, ಪರೋಪಜೀವಿ ಜೀವಸತ್ವದ ಬದಲು ಇದನ್ನು ಒಳಗೆ ಬಿಟ್ಟುಕೊಂಡು ಉಪವಾಸ ಬೀಳುತ್ತದಂತೆ. ಅದೇ ನೀರಿಗೆ ನಾವು ಸಿರಪ್ ಸುರಿದರೆ ಒಂದು ಕೈಯಲ್ಲಿ ಕಿತ್ತುಕೊಂಡ ಊಟವನ್ನು ಇನ್ನೊಂದು ಕೈಯಲ್ಲಿ ಬಡಿಸಿದಂತಾಗುತ್ತದೆ. ಜೀವಸತ್ವ ಕೊಡುವುದಾದರೆ ಔಷಧಿ ಮುಗಿದ ಮೇಲೆ. ಟೆಟ್ರಾಸೈಕ್ಲಿನ್ ಈ ರೋಗಕ್ಕೆ ಮದ್ದಲ್ಲ, ಫಿನಾಯಿಲ್ಲಿಗೆ ಆ ಕೋಶಗಳು ಸಾಯುವುದೂ ಇಲ್ಲ. ಸೋಮವಾರ ರಾತ್ರಿಯ ನನ್ನ ಮೂರು ಉಪಚಾರಗಳಲ್ಲಿ ಒಂದೂ ಲೆಕ್ಕಕ್ಕೆ ಬರಲಿಲ್ಲ.

1.2 ಗ್ರಾಂ ಪುಡಿಯನ್ನು ಮನೆಯಲ್ಲಿ ತೂಗುವ ಬಗೆ ಹೇಗೆ? ಔಷಧಿ ಅಂಗಡಿಯಲ್ಲಿ 6 ಗ್ರಾಂ ತೂಗಿಸಿಕೊಂಡು ಬಂದು, ಹಳೆಯ ಕ್ಯಾಲೆಂಡರ್ ಹಾಳೆಯ ಮೇಲೆ ಉದ್ದಕ್ಕೆ ಗೆರೆಯಂತೆ ಹರಡಿ, ಚಾಕುವಿನ ಬೆನ್ನಿನಿಂದ ಐದು ಸಮಪಾಲು ಮಾಡಿ ಪೊಟ್ಟಣ ಕಟ್ಟಿದೆ. ದಿನಕ್ಕೆ ಒಂದು ಪೊಟ್ಟಣ, ಒಂದು ಲೀಟರ್ ನೀರು. ಬೇರೆ ನೀರು ಇಡಲಿಲ್ಲ, ಉಳಿದದ್ದನ್ನು ಮರುದಿನಕ್ಕೆ ಇಟ್ಟುಕೊಳ್ಳಲೂ ಇಲ್ಲ. ರೋಗದ ಮರಿ ಮೇವು ಬಿಟ್ಟರೂ ನೀರು ಕುಡಿಯುತ್ತದೆ ಎಂಬ ನಂಬಿಕೆಯ ಮೇಲೆ ಈ ಚಿಕಿತ್ಸೆ ನಿಂತಿದೆ. ಅದನ್ನೂ ಬಿಟ್ಟಿದ್ದ ಎರಡಕ್ಕೆ ಗಂಟೆಗೊಮ್ಮೆ ಕೊಕ್ಕಿನ ಬದಿಯಿಂದ ಹನಿಹನಿಯಾಗಿ ಕುಡಿಸಿದೆ. ಬಾಯಿ ತೆರೆಸಿ ಒಮ್ಮೆಲೇ ಹಾಕಿದರೆ ನೀರು ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ. ಅವುಗಳಲ್ಲಿ ಒಂದು ಬುಧವಾರ ರಾತ್ರಿ ಸತ್ತಿತು. ಸತ್ತ ಎರಡನ್ನೂ ತೋಟದ ಆಚೆ ಆಳವಾಗಿ ಗುಂಡಿ ತೆಗೆದು ಸುಣ್ಣ ಹಾಕಿ ಮುಚ್ಚಿದ್ದೇನೆ.

ಹಳೆಯ ಹೊಟ್ಟನ್ನು ಬುಡಸಹಿತ ಎತ್ತಿ ಸುಟ್ಟು, ನೆಲಕ್ಕೆ ಕುದಿಯುವ ನೀರು ಹೊಯ್ದು, ಮರಿಗಳನ್ನು ಒಲೆಮನೆಯ ಪಕ್ಕದ ಒಣ ಜಾಗಕ್ಕೆ ತಂದಿದ್ದೇವೆ. ಹೆಂಚನ್ನೂ ಸರಿಪಡಿಸಿದ್ದೇನೆ, ಹತ್ತು ನಿಮಿಷದ ಕೆಲಸ.

ದೊಡ್ಡ ಕೋಳಿಗಳಲ್ಲಿ ಒಂದಕ್ಕೆ ಜುಟ್ಟಿನ ಮೇಲೆ ಸಿಡುಬಿನ ಹಕ್ಕಳೆ ಎದ್ದಿದೆ. ಇದು ಸೊಳ್ಳೆಯಿಂದ ಹರಡುವುದರಿಂದ ಸಂಜೆ ಬೇವಿನ ಸೊಪ್ಪಿನ ಹೊಗೆ ಹಾಕುತ್ತಿದ್ದೇವೆ. ಬಾಯೊಳಗೆ ಹುಣ್ಣಾಗಿಲ್ಲ, ತಾನಾಗಿ ಒಣಗಿ ಉದುರುತ್ತದೆ.

ಇಂದು ಬೆಳಿಗ್ಗೆ ಗೋಣಿಯ ಮೇಲಿನ ಹಿಕ್ಕೆಗಳನ್ನು ಟಾರ್ಚ್ ಹಿಡಿದು ಒಂದೊಂದಾಗಿ ನೋಡಿದೆ. ಒಂದರಲ್ಲಿ ಕಂದು ಬಣ್ಣ ಕಂಡು ಎದೆ ಧಸಕ್ಕೆಂದಿತು. ಬೆಳಕು ಹತ್ತಿರ ತಂದಾಗ ಅದು ಕುರುಡು ಕರುಳು ದಿನಕ್ಕೆ ಒಂದೆರಡು ಸಲ ಹೊರಹಾಕುವ, ಬೆಲ್ಲದ ಪಾಕದಂಥ, ವಿಪರೀತ ನಾತದ ಮಾಮೂಲಿ ಹಿಕ್ಕೆ ಎಂದು ತಿಳಿಯಿತು. ಉಳಿದವು ಗಟ್ಟಿಯಾಗಿ, ತುದಿಗೆ ಬಿಳಿ ಕಟ್ಟಿ, ಇರಬೇಕಾದಂತೆ ಇದ್ದವು. ಇಂದಿನಿಂದ ಅರ್ಧ ಪ್ರಮಾಣದ ಔಷಧಿ.

ಮರಿಗಳು ಚೇತರಿಸಿಕೊಂಡು ಎಂಟು ವಾರ ತುಂಬಿದ ಮೇಲೆ ಕೊಕ್ಕರೆ ರೋಗದ ಆರ್2ಬಿ ಲಸಿಕೆ ಹಾಕಿಸಬೇಕು. ಒಂದು ಬಾಟಲಿಯಲ್ಲಿ ನೂರು ಕೋಳಿಗೆ ಆಗುವಷ್ಟು ಲಸಿಕೆ, ನಮ್ಮಲ್ಲಿರುವುದು ದೊಡ್ಡವೂ ಸೇರಿ ಹದಿನಾರು. ಒಮ್ಮೆ ಕಲಸಿದರೆ ಮಂಜುಗಡ್ಡೆಯ ಮೇಲಿಟ್ಟುಕೊಂಡು ಎರಡು ಗಂಟೆಯೊಳಗೆ ಮುಗಿಸಬೇಕು. ಮರಿಗಳಿಗೆ ಮೊದಲ ವಾರದಲ್ಲಿ ಕಣ್ಣಿಗೆ ಹಾಕುವ ಹನಿ ಲಸಿಕೆಯನ್ನು ಈ ಕಾರಣಕ್ಕೇ ತಪ್ಪಿಸಿದ್ದೆವು. ಒಟ್ಟಿಗೆ ಲಸಿಕೆ ಹಾಕಿಸಲು ಕೋಳಿಗಳನ್ನು ಕೂಡಿಸಲೆಂದು ಮಧ್ಯಾಹ್ನ ಕೊಡೆ ಹಿಡಿದು ಏಳು ಮನೆಗಳಿಗೆ ಹೋಗಿ ಬಂದೆ. ಕೆಳಗಿನ ಮನೆಯ ಅಕ್ಕ ತಮ್ಮ ಹನ್ನೆರಡನ್ನು ಬರೆಸಿದ್ದಾರೆ, ಮರಿಗಳನ್ನು ಸಂತೆಗೆ ಹಾಕದಿದ್ದದ್ದು ಒಳ್ಳೆಯದಾಯಿತೆಂದು ಹೇಳಲಿಲ್ಲವಾದರೂ. ಚೀಟಿಯಲ್ಲಿ ಈಗ ಎಪ್ಪತ್ತೊಂದು ಕೋಳಿಗಳಿವೆ.